ಧ್ವಜದ ದಿನದ ಜ್ವರ

ಪಾಣೆಮಂಗಳೂರು

ಚಿ. ಶಮ್ನಾಳಿಗೆ ಆಶೀರ್ವಾದಗಳು.

ಶಿಕ್ಷಕರ ಮಾಸಪತ್ರಿಕೆಯ ಜೂನ್ ಸಂಚಿಕೆಯಲ್ಲಿ ನೀನು ಬರೆದ ‘ನನ್ನನ್ನು ಕಾಪಾಡಿದ ಜ್ವರ’ ಎಂಬ ಲೇಖನದಲ್ಲಿ ಮೂರು ತಪ್ಪುಗಳಿವೆ. ಅವನ್ನು ತಿದ್ದುವುದು ಆ ಕಾಲದ ಮುಖ್ಯೋಪಾಧ್ಯಾಯನಾದ ನನ್ನ ಕರ್ತವ್ಯ.

ಮೊದಲನೆಯದು ವರ್ಷ. ಘಟನೆ ೨೦೧೦ರಲ್ಲಿ ನಡೆಯಿತೆಂದು ಬರೆದಿದ್ದೀಯೆ. ೨೦೧೦ರ ಆಗಸ್ಟ್ ಹದಿನೈದು ಭಾನುವಾರ. ನೀನೇ ಬರೆದಂತೆ ಅಂದು ಸೋಮವಾರವಾಗಿದ್ದರೆ ವರ್ಷ ೨೦೧೧ ಆಗಲೇಬೇಕು. ಶಾಲಾ ನಾಯಕಿಯಾಗಿ ನೀನು ಆಯ್ಕೆಯಾದದ್ದೂ ಏಳನೆಯ ತರಗತಿಯಲ್ಲಿ, ಆರನೆಯದರಲ್ಲಿ ಅಲ್ಲ. ಎರಡನೆಯದಾಗಿ, ನೇರೊಳ್ಪಲ್ಕೆ ಶಾಲೆಯ ಧ್ವಜಸ್ತಂಭ ಅಡಿಕೆ ಮರದ್ದೆಂದಿದ್ದೀಯೆ. ಶಾಲಾ ಸಮಿತಿಯ ಅಧ್ಯಕ್ಷರಾಗಿದ್ದ ದಿವಂಗತ ಸಂಕಪ್ಪನವರು ೨೦೦೭ರಲ್ಲಿಯೇ ಕಬ್ಬಿಣದ ಸ್ತಂಭವನ್ನೂ ಅದರ ಸುತ್ತ ಕಲ್ಲಿನ ಕಟ್ಟೆಯನ್ನೂ ಕೊಡುಗೆಯಾಗಿ ಮಾಡಿಸಿಕೊಟ್ಟಿದ್ದರು. ಮೂರನೆಯದಾಗಿ, ಅಂದು ನಿನ್ನ ಬದಲಿಗೆ ಭಾರತಮಾತೆಯ ಚಿತ್ರಕ್ಕೆ ಆರತಿ ಬೆಳಗಿ, ಬಳಿಕ ಪ್ರತಿಜ್ಞೆ ಓದಿದವಳು ಚಿತ್ರಾ ಅಲ್ಲ, ಉಪನಾಯಕಿ ನಿಖಿತಾ.

ಉಳಿದಂತೆ ಲೇಖನ ಸರಿಯಾಗಿದೆ. ಆರತಿ ಮಾಡಲಾರೆನೆಂದ ಹುಡುಗಿಯನ್ನು ಊರವರ ಸಿಟ್ಟಿನಿಂದ ಪಾರುಮಾಡಲು ಮುಖ್ಯೋಪಾಧ್ಯಾಯರು ಅವಳಿಗೆ ಜ್ವರವೆಂದು ದಾಖಲಿಸಿದರು ಎಂಬ ಭಾಗದಲ್ಲಿ ನಿನ್ನ ಭಾಷೆ ಸಂಯಮದಿಂದ ಕೂಡಿದೆ. ಆದರೆ ನನಗೆ ಅಷ್ಟೊಂದು ವಿಶೇಷಣಗಳು ಬೇಕಿರಲಿಲ್ಲ.

ನನ್ನ ಪತ್ನಿ ವಿನೋದಾ ಲೇಖನವನ್ನು ಎರಡು ಸಲ ಓದಿದಳು. “ಊರೆಲ್ಲ ನಿಮ್ಮನ್ನು ಬೆತ್ತದ ಮಾಸ್ಟ್ರು ಅಂತ ಹೇಳುವುದು. ಒಬ್ಬಳಾದರೂ ಒಳ್ಳೆಯವರು ಅಂತ ಬರೆದಳಲ್ಲ. ಫ್ರೇಮ್ ಹಾಕಿಸುವ” ಎಂದಳು. ಬೇಡವೆಂದೆ.

ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಪ್ರಕಟಿಸುವಂತೆ ಸಂಪಾದಕರಿಗೆ ತಿಳಿಸು.

ಇತಿ ಶುಭ ಕೋರುವ,
ಕೆ. ಗುರುವಪ್ಪ
೩ ಜುಲೈ ೨೦೨೪, ಬುಧವಾರ, ಬೆಳಿಗ್ಗೆ ೬ ಗಂಟೆ ೪೦ ನಿಮಿಷ


ಮೂಡುಬಿದಿರೆ
೯ ಜುಲೈ ೨೦೨೪

ಪೂಜ್ಯ ಗುರುಗಳಿಗೆ ಶಮ್ನಾ ಮಾಡುವ ನಮಸ್ಕಾರಗಳು.

ನಿಮ್ಮ ಕೈಬರಹ ಕಂಡೊಡನೆ ಎದ್ದು ನಿಂತೆ. ಪಕ್ಕದಲ್ಲಿದ್ದ ಸಹಶಿಕ್ಷಕಿ ನಕ್ಕರು. ಮೂರು ತಿದ್ದುಪಡಿಗಳನ್ನೂ ಸಂಪಾದಕರಿಗೆ ಕಳುಹಿಸಿದ್ದೇನೆ.

ಕಂಬ ಅಡಿಕೆ ಮರದ್ದೆಂದು ಹೇಗೆ ಬರೆದೆನೋ ತಿಳಿಯದು. ಬಹುಶಃ ಅಂದು ನಾನು ಕಂಬವನ್ನು ನೋಡಲೇ ಇಲ್ಲ. ಬಿಸಿಯೂಟದ ಕೋಣೆಯಲ್ಲಿ ಅಕ್ಕಿಮೂಟೆಯ ಮೇಲೆ ಕುಳಿತಿದ್ದೆ, ಕಿಟಕಿ ನನ್ನ ತಲೆಗಿಂತ ಎತ್ತರದಲ್ಲಿತ್ತು. ನಿಖಿತಾಳ ದನಿಯನ್ನು ಚಿತ್ರಾಳದೆಂದು ತಿಳಿದದ್ದೂ ಅದರಿಂದಲೇ ಇರಬೇಕು. ರಾಷ್ಟ್ರಗೀತೆ ಆರಂಭವಾದಾಗ ಎದ್ದು ನಿಂತೆ. ಅಲ್ಲಿ ಬೇರೆ ಯಾರೂ ಇರಲಿಲ್ಲ. ಇದನ್ನು ಲೇಖನದಲ್ಲಿ ಬರೆಯಲಿಲ್ಲ, ನಿಮಗೆ ಮಾತ್ರ ಹೇಳುತ್ತಿದ್ದೇನೆ.

ವಿಶೇಷಣಗಳನ್ನು ಮಾತ್ರ ತೆಗೆಯಲಾರೆ. ಅಂದು ಮನೆಗೆ ಬಂದು ಅತ್ತಾಗ ತಂದೆ, ನಮ್ಮ ಉಪ್ಪ, ನನ್ನನ್ನು ಅಂಗಡಿಯ ಒಳಗೆ ಕೂರಿಸಿಕೊಂಡು ಹೇಳಿದ್ದರು: “ಅಳಬೇಡ ಮಗಾ. ಕಮಿಟಿಯವರು ಗಲಾಟೆ ಮಾಡ್ತಿದ್ರು. ನಿನಗೆ ಯಾರೂ ಏನೂ ಹೇಳಬಾರದು ಅಂತ ಮಾಸ್ಟ್ರು ಜ್ವರ ಅಂತ ಬರೆದ್ರು. ಅಂಥವರು ಸಿಗುವುದಿಲ್ಲ.” ನಾನು ಶಿಕ್ಷಕಿಯಾಗಲು ಆ ಮಾತೂ ಒಂದು ಕಾರಣ. ಉಪ್ಪನಿಗೆ ಈಗ ಎಪ್ಪತ್ತೊಂದು. ನೇರೊಳ್ಪಲ್ಕೆಯಲ್ಲಿ ಅದೇ ಗೂಡಂಗಡಿ ಇಟ್ಟುಕೊಂಡಿದ್ದಾರೆ. ಬಾ ಎಂದರೆ ಮೂಡುಬಿದಿರೆಗೆ ಬರುವುದಿಲ್ಲ.

ಈಗ ನಿಮ್ಮಿಂದ ಒಂದು ಸಹಾಯ ಬೇಕು. ಜೂನ್‌ನಿಂದ ನಾನು ಇಲ್ಲಿನ ಸರಕಾರಿ ಶಾಲೆಯ ಪ್ರಭಾರ ಮುಖ್ಯಶಿಕ್ಷಕಿ. ಮೊನ್ನೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ ರಂಜಿತ್ ಬಂದಿದ್ದರು. ದುಬೈಯಲ್ಲಿ ಹನ್ನೆರಡು ವರ್ಷವಿದ್ದು ಮರಳಿದವರು, ಶಾಲೆಯ ಛಾವಣಿ ಸೋರಿದರೆ ತಾವೇ ಏಣಿ ತರುವಷ್ಟು ಒಳ್ಳೆಯವರು. ಸ್ವಾತಂತ್ರ್ಯೋತ್ಸವಕ್ಕೆಂದು ಒಂದು ಹಾಳೆ ಕೊಟ್ಟರು. ‘ಧ್ವಜಾರೋಹಣದ ಕ್ರಮ’, ಹನ್ನೊಂದು ಅಂಶಗಳು. ನಾಲ್ಕನೆಯದರಲ್ಲಿ ಧ್ವಜಕಟ್ಟೆಗೆ ತೆಂಗಿನಕಾಯಿ ಒಡೆಯುವುದು. ಐದನೆಯದರಲ್ಲಿ ಮುಖ್ಯೋಪಾಧ್ಯಾಯರು ತಟ್ಟೆ ಹಿಡಿದು, ಪ್ರತಿಜ್ಞೆ ಓದುವ ಶಾಲಾ ನಾಯಕರಿಂದಲೇ ಭಾರತಮಾತೆಯ ಚಿತ್ರಕ್ಕೆ ಆರತಿ ಬೆಳಗಿಸತಕ್ಕದ್ದು.

“ಬೆಳ್ತಂಗಡಿ ಕಡೆ ಎಲ್ಲ ಹಿಂದಿನಿಂದಲೂ ಹೀಗೆಯೇ ಅಂತೆ ಟೀಚರ್. ಇಲ್ಲಿಯೂ ಮಾಡುವ” ಎಂದರು.

“ಇದು ಇಲಾಖೆಯ ಸುತ್ತೋಲೆಯಲ್ಲಿ ಇಲ್ಲವಲ್ಲ?” ಎಂದೆ.

“ನೀವು ಟೆನ್ಶನ್ ಮಾಡ್ಬೇಡಿ ಮಾರಾಯ್ರೆ. ಕಾಯಿ ನಾನೇ ತರ್ತೇನೆ. ನೀವು ತಟ್ಟೆ ಹಿಡಿದ್ರೆ ಸಾಕು.”

ಅವರ ಮಾತಿನಲ್ಲಿ ಕುಹಕವಿರಲಿಲ್ಲ. ಕುಹಕವಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು. ನಾನು ತಟ್ಟೆ ಹಿಡಿಯುತ್ತೇನೋ ಇಲ್ಲವೋ ಎಂಬುದು ಸಣ್ಣ ಪ್ರಶ್ನೆ. ಸರಕಾರದ ಶಾಲೆ ಹಿಡಿಯಬೇಕೇ ಎಂಬುದು ದೊಡ್ಡದು. ಇದನ್ನು ನಾನು ಹೇಳಿದರೆ ನನ್ನ ಹೆಸರಿಗೆ ತಕ್ಕ ಮಾತಾಗಿಯೇ ಕೇಳಿಸುತ್ತದೆ. ಬೆಳ್ತಂಗಡಿ ತಾಲೂಕಿನಲ್ಲಿ ಮೂವತ್ತನಾಲ್ಕು ವರ್ಷ ಕಲಿಸಿದ ನೀವು ಸಮಿತಿಗೆ ನಾಲ್ಕು ಸಾಲು ಬರೆದರೆ ಸಾಕು. ಹಾಳೆಯ ನಕಲು ಇದರೊಂದಿಗಿದೆ. ಯಾರು ಬರೆದದ್ದೋ ಹೆಸರಿಲ್ಲ, ಆದರೆ ಭಾಷೆ ಬಹಳ ಶುದ್ಧವಾಗಿದೆ.

ನಿಮ್ಮ ವಿದ್ಯಾರ್ಥಿನಿ,
ಶಮ್ನಾ


ಪಾಣೆಮಂಗಳೂರು

ಚಿ. ಶಮ್ನಾಳಿಗೆ ಆಶೀರ್ವಾದಗಳು.

ನಿನ್ನ ಪತ್ರ ಹನ್ನೊಂದರಂದು ತಲುಪಿತು. ಕಣ್ಣಿನ ಪೊರೆಯ ಚಿಕಿತ್ಸೆಯ ಕಾರಣ ಉತ್ತರ ತಡವಾಯಿತು.

ನಿವೃತ್ತನಾದವನಿಗೆ ಇನ್ನೊಂದು ತಾಲೂಕಿನ ಶಾಲೆಯ ಕಾರ್ಯಕ್ರಮದಲ್ಲಿ ಮಾತನಾಡುವ ಅಧಿಕಾರವಿಲ್ಲ. ಇಂಥ ವಿಷಯಗಳಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿಗಳಿಂದ ಲಿಖಿತ ನಿರ್ದೇಶನ ಪಡೆಯುವುದು ಕ್ರಮ. ಸಮಿತಿಯವರೂ ಸದುದ್ದೇಶದಿಂದಲೇ ಹೇಳುತ್ತಿರುವಾಗ ವಿಷಯವನ್ನು ಬೆಳೆಸದೆ ಜಾಣ್ಮೆಯಿಂದ ನಿಭಾಯಿಸುವುದು ಲೇಸು. ನೀನು ಇನ್ನೂ ಚಿಕ್ಕವಳು, ಮುಂದೆ ದೀರ್ಘವಾದ ಸೇವೆಯಿದೆ.

ನೀನು ಕಳುಹಿಸಿದ ಹಾಳೆ ನಕಲಿನ ನಕಲಾದ್ದರಿಂದ ಬಹಳ ಮಸುಕಾಗಿದೆ. ಯಾರು ಸಿದ್ಧಪಡಿಸಿದ್ದೆಂದು ಹೇಳುವುದು ಕಷ್ಟ.

ನಿನ್ನ ಪತ್ರದ ಎರಡನೆಯ ಪುಟದಲ್ಲಿ ಎರಡು ಕಡೆ ವಾಕ್ಯ ಪೂರ್ಣವಾಗಿಲ್ಲ. ಅವಸರದಲ್ಲಿ ಬರೆಯಬೇಡ.

ನಿನ್ನ ತಂದೆಯವರು ಈಗಲೂ ಅಂಗಡಿ ನಡೆಸುತ್ತಿದ್ದಾರೆಂದು ತಿಳಿದು ಸಂತೋಷವಾಯಿತು.

ಇತಿ,
ಕೆ. ಗುರುವಪ್ಪ
೧೭ ಜುಲೈ ೨೦೨೪, ಬುಧವಾರ, ಬೆಳಿಗ್ಗೆ ೧೧ ಗಂಟೆ ೫ ನಿಮಿಷ


ಮೂಡುಬಿದಿರೆ
೨೪ ಜುಲೈ ೨೦೨೪

ಗುರುಗಳಿಗೆ ನಮಸ್ಕಾರಗಳು.

ಪತ್ರ ತಲುಪಿತು. ಕಣ್ಣಿನ ಬಗ್ಗೆ ಕಾಳಜಿ ವಹಿಸಿ. ನಿಮಗೆ ತೊಂದರೆ ಕೊಟ್ಟದ್ದಕ್ಕೆ ಕ್ಷಮೆಯಿರಲಿ.

ಮೊನ್ನೆ ಸಮಿತಿಯ ಸಭೆಯಾಯಿತು. ಸುತ್ತೋಲೆಯನ್ನು ಓದಿ ಹೇಳಿದೆ. ಧ್ವಜ, ವಂದನೆ, ರಾಷ್ಟ್ರಗೀತೆ, ಪ್ರತಿಜ್ಞೆ ಇಷ್ಟೇ ಶಾಲೆಯದ್ದು, ಉಳಿದದ್ದು ಅವರವರ ಮನೆಯದ್ದು ಎಂದೆ. ಆಮೇಲೆ ಒಬ್ಬ ಸದಸ್ಯರು, “ಅಲ್ಲ ಟೀಚರ್, ದೇಶಕ್ಕೆ ಒಂದು ಆರತಿ ಎತ್ತಿದರೆ ಕೈ ಸವೆದು ಹೋಗ್ತದಾ?” ಎಂದರು. ಎರಡು ಮೂರು ಜನ ನಕ್ಕರು.

ರಂಜಿತ್ ಆ ಸದಸ್ಯರನ್ನು ಸುಮ್ಮನಾಗಿಸಿದರು. “ಹಾಗೆಲ್ಲ ಹೇಳ್ಬಾರ್ದು ಮಾರಾಯ. ಟೀಚರಿಗೆ ಅವರದ್ದು ಅಂತ ಒಂದು ಉಂಟಲ್ಲ.” ನನ್ನ ಕಡೆ ತಿರುಗಿ, “ನಿಮಗೆ ಆಗದಿದ್ರೆ ಅಂದು ಒಂದು ದಿನ ರಜೆ ಹಾಕಿ. ತಟ್ಟೆ ಬೇರೆಯವರು ಹಿಡೀತಾರೆ. ಯಾರಿಗೂ ಬೇಜಾರಿಲ್ಲ” ಎಂದರು. ಅವರು ಉಪಕಾರವೆಂದೇ ಹೇಳಿದ್ದು.

ಅಧಿಕಾರಿಗಳ ಕಚೇರಿಗೂ ಹೋಗಿದ್ದೆ. “ಸ್ಥಳೀಯವಾಗಿ ಹೊಂದಿಕೊಂಡು ಹೋಗಿ” ಎಂದರು. ಬರೆದು ಕೊಡಲಿಲ್ಲ.

ಆದ್ದರಿಂದ ಆಗಸ್ಟ್ ಹದಿನಾಲ್ಕರಂದು ಜ್ವರವೆಂದು ರಜಾ ಅರ್ಜಿ ಹಾಕಲು ತೀರ್ಮಾನಿಸಿದ್ದೇನೆ. ಮನಸ್ಸಿಗೆ ಹಿತವಾಗಿಲ್ಲ. ಆದರೆ ಒಮ್ಮೆ ನೀವೇ ತೋರಿಸಿದ ದಾರಿಯಲ್ಲವೇ? ಯಾರ ಮನಸ್ಸನ್ನೂ ನೋಯಿಸದೆ ಪಾರಾಗುವುದು ಆಗ ಸಾಧ್ಯವಾಗಿತ್ತು, ಈಗಲೂ ಆದೀತು. ನಮ್ಮ ನಾಯಕಿ ವಿಸ್ಮಿತಾ ಮಾತ್ರ, “ಟೀಚರ್, ಧ್ವಜದ ಹಗ್ಗ ನೀವೇ ಎಳೆಯುವುದಲ್ವಾ?” ಎಂದು ದಿನಾ ಕೇಳುತ್ತಾಳೆ.

ಶಮ್ನಾ


ಪಾಣೆಮಂಗಳೂರು

ಶಮ್ನಾ,

ಅರ್ಜಿಯನ್ನು ಈಗಲೇ ಕೊಡಬೇಡ. ನಾನು ಬರೆಯುತ್ತೇನೆ.

ಕೆ. ಗುರುವಪ್ಪ
೨೭ ಜುಲೈ ೨೦೨೪, ಶನಿವಾರ, ಮಧ್ಯಾಹ್ನ ೧೨ ಗಂಟೆ ೧೦ ನಿಮಿಷ


ಪಾಣೆಮಂಗಳೂರು

ಶಮ್ನಾ ಅವರಿಗೆ,

ಬರೆಯುತ್ತೇನೆಂದು ಹೇಳಿ ಹತ್ತು ದಿನಗಳಾದವು. ಐದು ಬಾರಿ ಬರೆದು ಹರಿದೆ. ವಿನೋದಾ ಬುಟ್ಟಿಯಲ್ಲಿದ್ದ ಚೂರುಗಳನ್ನು ನೋಡಿ, “ಮಕ್ಕಳ ತಪ್ಪು ತಿದ್ದಲಿಕ್ಕೆ ಐದು ನಿಮಿಷ ಬೇಕಿರಲಿಲ್ಲ ನಿಮಗೆ” ಎಂದಳು. ಅವಳಿಗೆ ವಿಷಯ ಗೊತ್ತಿರಲಿಲ್ಲ. ಇಂದು ಬೆಳಿಗ್ಗೆ ಹೇಳಿದೆ. ಅವಳು ನಿಮ್ಮ ಲೇಖನವನ್ನು ತೆಗೆದಿಟ್ಟಿದ್ದ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು ಒಳಗೆ ಹೋದಳು.

ನಿಮ್ಮ ಲೇಖನದಲ್ಲಿ ಇದ್ದದ್ದು ಮೂರು ತಪ್ಪುಗಳಲ್ಲ. ನಾಲ್ಕನೆಯದೊಂದಿತ್ತು. ಉಳಿದಂತೆ ಸರಿಯಾಗಿದೆ ಎಂದು ಬರೆದಾಗ ನಾನು ಸುಳ್ಳು ಬರೆದೆ.

ಆ ಹಾಳೆಯನ್ನು ಸಿದ್ಧಪಡಿಸಿದವನು ನಾನು. ಅದು ಮಸುಕಾಗಿರಲಿಲ್ಲ. ಮೊದಲ ಸಾಲು ಕಂಡೊಡನೆ ಗುರುತು ಹತ್ತಿತು. ಅದರಲ್ಲಿರುವುದು ಹಿಂದಿನಿಂದ ಬಂದ ಪದ್ಧತಿಯಲ್ಲ. ೨೦೦೭ರವರೆಗೆ ನೇರೊಳ್ಪಲ್ಕೆಯಲ್ಲಿ ಧ್ವಜ ಏರಿಸುತ್ತಿದ್ದೆವು, ವಂದಿಸುತ್ತಿದ್ದೆವು, ಹಾಡುತ್ತಿದ್ದೆವು, ಮಿಠಾಯಿ ಹಂಚುತ್ತಿದ್ದೆವು. ಆ ವರ್ಷ ಸಂಕಪ್ಪನವರು ತಾವು ಕಟ್ಟಿಸಿದ ಕಟ್ಟೆಗೆ, ಹೊಸ ಕೆಲಸ ಮುಗಿದಾಗ ಎಲ್ಲರೂ ಮಾಡುವಂತೆ, ಒಂದು ಕಾಯಿ ಒಡೆದರು. ಅವರ ಪಾಲಿಗೆ ಅದು ಅಲ್ಲಿಗೇ ಮುಗಿದಿತ್ತು. ಅದನ್ನು ಕಾಯಂ ಮಾಡಿದವನು ನಾನು. ನನ್ನ ಕಣ್ಣಿಗೆ ಅಂದಿನ ಕಾರ್ಯಕ್ರಮಕ್ಕೆ ಒಂದು ಘನತೆ ಬಂದಂತೆ ಕಂಡಿತು. ಮುಂದಿನ ವರ್ಷ ದೀಪ, ಚಿತ್ರ, ಆರತಿಗಳನ್ನು ಸೇರಿಸಿ ಕ್ರಮಸಂಖ್ಯೆ ಹಾಕಿ ಬೆರಳಚ್ಚು ಮಾಡಿದೆ. ಯಾರೂ ಕೇಳಿರಲಿಲ್ಲ. ಕಂಡದ್ದನ್ನೆಲ್ಲ ನಿಯಮವಾಗಿಸುವ ಚಟ ನನ್ನದು. ಮುಖ್ಯೋಪಾಧ್ಯಾಯರ ಸಭೆಯಲ್ಲಿ ಹಂಚಿದಾಗ ಅಚ್ಚುಕಟ್ಟಾಗಿದೆಯೆಂದು ಹೊಗಳಿದರು. ಅದು ಘಟ್ಟದ ಬುಡದಿಂದ ಮೂಡುಬಿದಿರೆಯವರೆಗೆ ನಡೆದು ಬಂದದ್ದು ಆ ಹೊಗಳಿಕೆಯ ಕಾಲಿನಿಂದ.

ಇನ್ನು ೨೦೧೧. ಶನಿವಾರದ ತಾಲೀಮಿನಲ್ಲಿ ನೀವು ಕೇಳಿದಿರಿ: “ಸರ್, ಆರತಿ ನಿಖಿತಾ ಮಾಡಲಿ, ನಾನು ಪ್ರತಿಜ್ಞೆ ಓದ್ತೇನೆ, ಆಗ್ತದಾ?” ಹನ್ನೆರಡು ವರ್ಷದ ಹುಡುಗಿ ಅದಕ್ಕಿಂತ ಸರಿಯಾದ ಪರಿಹಾರ ಹೇಳಲು ಸಾಧ್ಯವಿರಲಿಲ್ಲ. ಎರಡೂ ಒಬ್ಬರೇ ಮಾಡತಕ್ಕದ್ದು, ಕ್ರಮ ತಪ್ಪಬಾರದು ಎಂದೆ.

ನಿಮ್ಮ ತಂದೆಯವರು ಹೇಳಿದ ಕಮಿಟಿಯ ಗಲಾಟೆ ನಡೆಯಲೇ ಇಲ್ಲ. ಸೋಮವಾರ ಬೆಳಿಗ್ಗೆ ವಿಷಯ ಕೇಳಿದ ಸಂಕಪ್ಪನವರು ತುಳುವಿನಲ್ಲಿ ಅಂದದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: “ಮಗುವಿಗೆ ಬೇಡದಿದ್ದರೆ ಬಿಡಿ ಮಾಸ್ಟ್ರೇ. ಆರತಿಗೆ ಬೇರೆ ಮಕ್ಕಳಿಲ್ಲವಾ? ಅವಳು ಚಂದ ಓದ್ತಾಳೆ, ಓದಲಿ.” ಹೆಬ್ಬೆಟ್ಟು ಒತ್ತುತ್ತಿದ್ದ ಆ ಮನುಷ್ಯನಿಗೆ ತಿಳಿದದ್ದು ನನಗೆ ತಿಳಿಯಲಿಲ್ಲ ಎನ್ನಲಾರೆ. ತಿಳಿದಿತ್ತು. ಸರಕಾರದ ಹಣದಿಂದ ನಡೆಯುವ ಶಾಲೆಯಲ್ಲಿ ಯಾರನ್ನೂ ಒಪ್ಪಿಗೆಯಿಲ್ಲದೆ ಆರಾಧನೆಗೆ ಒತ್ತಾಯಿಸಬಾರದೆಂದು ಆ ಜುಲೈಯಲ್ಲಿ ನಾನೇ ನಿಮ್ಮ ತರಗತಿಗೆ ಕಂಠಪಾಠ ಮಾಡಿಸಿದ್ದೆ. ತಪ್ಪಿಲ್ಲದೆ ಒಪ್ಪಿಸಿದವರು ನೀವೊಬ್ಬರೇ. ಆದರೆ ನಾನು ಬರೆದದ್ದನ್ನು ಒಂದು ಮಗುವಿನ ಮಾತಿಗೆ ಬದಲಿಸುವುದೆಂದರೆ ನಾನು ಬರೆದದ್ದು ತಪ್ಪೆಂದು ಒಪ್ಪಿದಂತೆ. ಅದು ನನ್ನಿಂದಾಗಲಿಲ್ಲ.

ಏಳೂವರೆಗೆ ನಿಮ್ಮ ತಂದೆ ಬಾವಾ ಅವರು ಬಂದರು. “ಮಾಸ್ಟ್ರೇ, ಮಗು ಧ್ವಜಕ್ಕೆ ಸೆಲ್ಯೂಟ್ ಮಾಡ್ತದೆ, ಹಾಡು ಹೇಳ್ತದೆ. ಆರತಿ ಒಂದು ಬೇಡ” ಎಂದರು. ಹಾಗಾದರೆ ಜ್ವರವೆಂದು ಬರೆದುಕೊಡಿ ಎಂದೆ. “ಅವಳು ಅಲ್ಲೇ ಹೊರಗೆ ನಿಂತಿದ್ದಾಳಲ್ಲ. ಜ್ವರ ಇಲ್ಲ.” ಇಲ್ಲವಾದರೆ ನಾಯಕಿಯ ಸ್ಥಾನಕ್ಕೆ ರಾಜೀನಾಮೆ ಬರೆಯಲಿ, ಯಾವುದು ಬೇಕು ನೀವೇ ಹೇಳಿ ಎಂದೆ. ಅವರು ಕಿಟಕಿಯಿಂದ ನಿಮ್ಮನ್ನು ನೋಡಿದರು. ಆಮೇಲೆ ಪೆನ್ನು ಕೇಳಿದರು.

ವಾಕ್ಯಗಳನ್ನು ಹೇಳಿ ಬರೆಸಿದವನು ನಾನು. ಒಂದು ಒತ್ತಕ್ಷರ ತಪ್ಪಿತು. ಹೊಸ ಹಾಳೆ ಕೊಟ್ಟು ಮತ್ತೊಮ್ಮೆ ಬರೆಸಿದೆ. ಅವರು ಬೆವರುತ್ತಿದ್ದುದನ್ನು ಕಂಡು ನೀರು ತರಿಸಿದೆ. ಮುಟ್ಟಲಿಲ್ಲ. ಅಂದು ಅವರು ರಂಜಾನ್ ಉಪವಾಸದಲ್ಲಿದ್ದರೆಂಬುದು ನನಗೆ ಹೊಳೆದದ್ದು ಅರ್ಧ ಗಂಟೆಯ ಬಳಿಕ, ಧ್ವಜಕ್ಕೆ ವಂದಿಸುತ್ತ ನಿಂತಿದ್ದಾಗ. ನಿಮ್ಮನ್ನು ಬಿಸಿಯೂಟದ ಕೋಣೆಗೆ ಕಳುಹಿಸಿದವನೂ ನಾನೇ. ಜ್ವರವೆಂದು ಬರೆದ ಮೇಲೆ ಹುಡುಗಿ ಅಂಗಳದಲ್ಲಿ ಕಾಣಬಾರದಿತ್ತು.

ಹದಿಮೂರು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ. ನಿಮ್ಮ ಲೇಖನ ಓದಿದಾಗ ತಪ್ಪಿಸಿಕೊಂಡೆನೆಂದು ಅನಿಸಿತೇ ಹೊರತು ಬೇರೇನೂ ಅಲ್ಲ. ವರ್ಷ, ಕಂಬ, ಹೆಸರುಗಳನ್ನು ತಿದ್ದಲು ಕುಳಿತದ್ದು ಆ ನೆಮ್ಮದಿಯಲ್ಲಿ. ಆದರೆ ಅದು ನಾನು ತೋರಿಸಿದ ದಾರಿಯೆಂದು ನೀವು ಬರೆದ ಮೇಲೆ ಸುಮ್ಮನಿರುವುದು ಸಾಧ್ಯವಾಗಲಿಲ್ಲ. ದಯವಿಟ್ಟು ಜ್ವರವೆಂದು ಬರೆಯಬೇಡಿ. ನಿಮಗೆ ಜ್ವರವಿಲ್ಲ.

ಸಮಿತಿಗೆ ನಾಲ್ಕು ಪುಟಗಳ ಹೇಳಿಕೆಯನ್ನು ಸಹಿಮಾಡಿ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ್ದೇನೆ. ಈ ಕ್ರಮ ಯಾವ ಸುತ್ತೋಲೆಯಲ್ಲಿಯೂ ಇಲ್ಲ, ನಾನು ಸೇರಿಸಿದ್ದು, ಸೇರಿಸಬಾರದಿತ್ತು, ಇದರಿಂದ ಒಬ್ಬ ವಿದ್ಯಾರ್ಥಿನಿಗೆ ಅನ್ಯಾಯ ಮಾಡಿದ್ದೇನೆ ಎಂದು ಬರೆದಿದ್ದೇನೆ. ನಿಮ್ಮ ಹೆಸರನ್ನೂ ನಿಮ್ಮ ತಂದೆಯವರ ಹೆಸರನ್ನೂ ಹಾಕಿಲ್ಲ. ನನ್ನದನ್ನು ಹಾಕಿದ್ದೇನೆ.

ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ.

ಕೆ. ಗುರುವಪ್ಪ
೬ ಆಗಸ್ಟ್ ೨೦೨೪, ಮಂಗಳವಾರ, ಮಧ್ಯಾಹ್ನ ೩ ಗಂಟೆ ೨೫ ನಿಮಿಷ


ಮೂಡುಬಿದಿರೆ
೧೮ ಆಗಸ್ಟ್ ೨೦೨೪

ಗುರುವಪ್ಪ ಮಾಸ್ಟ್ರಿಗೆ,

ನಿಮ್ಮ ಪತ್ರ ಒಂಬತ್ತರಂದು ತಲುಪಿತು. ಬೇಗನೆ ಉತ್ತರಿಸಲು ಮನಸ್ಸಾಗಲಿಲ್ಲ.

ಮೊದಲು ಶಾಲೆಯ ವಿಷಯ. ರಂಜಿತ್ ನಿಮ್ಮ ಹೇಳಿಕೆಯನ್ನು ಸಮಿತಿಯಲ್ಲಿ ಪೂರ್ತಿ ಓದಿದರು. “ಇದೆಂಥ ಕತೆ ಮಾರಾಯ್ರೆ! ನಾವು ಅಜ್ಜಂದಿರ ಕಾಲದ್ದು ಅಂದ್ಕೊಂಡದ್ದು ನನ್ನ ಮೊದಲ ಪಾಸ್‌ಪೋರ್ಟಿಗಿಂತ ಹೊಸತು!” ಎಂದರು. ಹಿಂದಿನ ಸಭೆಯಲ್ಲಿ ನಕ್ಕಿದ್ದ ಒಬ್ಬರು, “ವಯಸ್ಸಾಯ್ತಲ್ಲ, ಏನಾದ್ರೂ ಬರೆದಿರ್ಬಹುದು” ಎಂದರು. “ತಲೆ ಸರಿ ಇಲ್ಲದವರು ಹೀಗ್ ಬರೀತಾರಾ? ನಾಲ್ಕು ಪುಟದಲ್ಲಿ ಒಂದು ಚಿತ್ತುಕಾಟು ತೋರಿಸಿ ನೋಡುವ” ಎಂದು ರಂಜಿತ್ ಹಾಳೆಗಳನ್ನು ಅವರ ಮುಂದಿಟ್ಟರು. ಒಂದು ಗಂಟೆ ಚರ್ಚೆಯಾಯಿತು. ಕೊನೆಗೆ ನಿರ್ಣಯ ಬರೆದರು: ‘ಈ ವರ್ಷದ ಮಟ್ಟಿಗೆ ಸುತ್ತೋಲೆಯಂತೆ ನಡೆಸುವುದು.’ ಈ ವರ್ಷದ ಮಟ್ಟಿಗೆ ಎಂಬುದನ್ನು ತೆಗೆಸಲು ನನ್ನಿಂದಾಗಲಿಲ್ಲ. ಮುಂದಿನ ಜುಲೈಯಲ್ಲಿ ಇದೇ ಮಾತು ಮತ್ತೆ ಬರುತ್ತದೆ.

ಹದಿನೈದರಂದು ನಾನು ರಜೆ ಹಾಕಲಿಲ್ಲ. ಹಗ್ಗ ಎಳೆದೆ. ಧ್ವಜ ಬಿಚ್ಚಿಕೊಂಡಿತು. ವಿಸ್ಮಿತಾ ಪ್ರತಿಜ್ಞೆ ಓದಿದಳು. ರಂಜಿತ್ ಬೆಳಿಗ್ಗೆ ತಮ್ಮ ಮನೆಯಲ್ಲಿ ಕಾಯಿ ಒಡೆದು, ಚೂರುಗಳಿಗೆ ಬೆಲ್ಲ ಬೆರೆಸಿ ತಂದು ಮಕ್ಕಳಿಗೆ ಹಂಚಿದರು. ನಾನೂ ತಿಂದೆ. ಇಬ್ಬರು ಸದಸ್ಯರು ಬಂದಿರಲಿಲ್ಲ.

ಈಗ ನಿಮ್ಮ ವಿಷಯ. ಹಾಳೆ ನಿಮ್ಮದೆಂದು ನನಗೆ ಜುಲೈಯಲ್ಲಿಯೇ ತಿಳಿದಿತ್ತು. ‘ಪಾದರಕ್ಷೆಗಳನ್ನು ಗೋಡೆಗೆ ಸಮಾನಾಂತರವಾಗಿ ಇರಿಸತಕ್ಕದ್ದು’ ಎಂದು ಧ್ವಜಾರೋಹಣದ ಕ್ರಮದಲ್ಲಿ ಬರೆಯುವವರು ಇನ್ನಾರು? ನೀವೇ ಹೇಳುವಿರೆಂದು ಕಾದೆ. ಮಸುಕಾಗಿದೆ ಎಂದು ಬರೆದಿರಿ. ಅಂದೇ ಪೂಜ್ಯ ಎಂಬ ಪದ ನನ್ನ ಕೈಯಿಂದ ಬರುವುದು ನಿಂತಿತು. ಆದರೂ ಜ್ವರದ ಮಾತನ್ನು ನಂಬಿದ್ದೆ. ನಿಮ್ಮ ಅಂಜಿಕೆಯನ್ನು ಅದರಿಂದಲೇ ಮನ್ನಿಸಿದ್ದೆ. ನನಗೆ ಕೋಪ ಬಂದಿದೆಯೇ ಎಂದು ನೀವು ಕೇಳಲಿಲ್ಲ. ಬಂದಿದೆ. ಎರಡನೆಯ ಸಲ ಬರೆಸಿದ ಆ ಹಾಳೆಯ ವಿಷಯ ಓದಿದಾಗ ಬಂದದ್ದು ಇನ್ನೂ ಹೋಗಿಲ್ಲ.

ಹದಿನೈದರ ಮಧ್ಯಾಹ್ನ ಊರಿಗೆ ಹೋಗಿ ಉಪ್ಪನಿಗೆ ನಿಮ್ಮ ಪತ್ರವನ್ನು ಓದಿ ಹೇಳಿದೆ. ಅವರಿಗೂ ಸಿಟ್ಟು ಬರುವುದೆಂದುಕೊಂಡಿದ್ದೆ. ಅವರು ತಲೆ ತಗ್ಗಿಸಿದರು. ನನ್ನ ಮುಂದೆ, ಮಾಸ್ಟ್ರೇ. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ.

“ಅವರು ಹೇಳಿದ್ದು ಹೌದು. ಆದರೆ ಬರೆದದ್ದು ನಾನಲ್ವಾ? ಆಗುವುದಿಲ್ಲ ಅಂತ ಹೇಳ್ಬಹುದಿತ್ತು. ಅಂಗಡಿ ಅದೇ ರಸ್ತೆಯಲ್ಲಿ ಉಂಟು, ನಾಳೆ ಅದೇ ಶಾಲೆಗೆ ನೀನು ಹೋಗ್ಬೇಕು ಅಂತ ಹೆದರಿದೆ. ಹುಷಾರಿದ್ದ ಮಗಳಿಗೆ ಜ್ವರ ಅಂತ ಅಪ್ಪನೇ ಬರೆದ. ಅದನ್ನು ನಿನಗೆ ಹೇಗೆ ಹೇಳುವುದು? ಮಾಸ್ಟ್ರು ಒಳ್ಳೆಯವರು ಅಂತ ಹೇಳುವುದು ಸುಲಭ ಆಯ್ತು.”

ಅಂದಿನಿಂದ ಅವರು ಶಾಲೆಯ ಕಡೆ ಮುಖ ಮಾಡಿ ಕುಳಿತಿಲ್ಲವಂತೆ. ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿಟ್ಟದ್ದು ನಾನು ಗಾಳಿಗೆಂದು ತಿಳಿದಿದ್ದೆ.

ನಾಚಿಕೆ ನಿಮ್ಮದೆಂದು ನೀವು ನಾಲ್ಕು ಪುಟ ಬರೆದು ಸಹಿ ಹಾಕಿದಿರಿ. ಅದರಲ್ಲಿ ಅರ್ಧವನ್ನು ಹದಿಮೂರು ವರ್ಷ ಹೊತ್ತವರು ಬೇರೆಯೇ ಇದ್ದರು. ಅವರನ್ನು ನೋಡಲು ಬನ್ನಿ ಎಂದು ಬರೆಯಲು ನನಗೆ ಮನಸ್ಸಿಲ್ಲ. ಬರಬೇಡಿ ಎಂದು ಬರೆಯಲೂ ಮನಸ್ಸಿಲ್ಲ.

ಶಮ್ನಾ


ಪಾಣೆಮಂಗಳೂರು

ಶಮ್ನಾ ಅವರಿಗೆ,

ನಾನು ಇಂದು ಹೋಗಿದ್ದೆ. ನಿಮ್ಮ ತಂದೆಯವರಿಂದ ತಿಳಿಯುವ ಮೊದಲು ನಾನೇ ತಿಳಿಸಬೇಕೆಂದು ಬರೆಯುತ್ತಿದ್ದೇನೆ.

ಬಿ.ಸಿ. ರೋಡಿನಿಂದ ಪುಂಜಾಲಕಟ್ಟೆಯ ದಾರಿಯಾಗಿ ಬೆಳ್ತಂಗಡಿಗೆ, ಅಲ್ಲಿಂದ ಇನ್ನೊಂದು ಬಸ್ಸು. ದಾರಿಯುದ್ದಕ್ಕೂ ಹೇಳಬೇಕಾದ ವಾಕ್ಯಗಳನ್ನು ಜೋಡಿಸಿಕೊಂಡಿದ್ದೆ. ನೇರೊಳ್ಪಲ್ಕೆಯಲ್ಲಿ ಇಳಿದಾಗ ಹನ್ನೊಂದಾಗಿತ್ತು.

ಅವರು ಬಾಳೆಗೊನೆಯನ್ನು ಕೊಕ್ಕೆಗೆ ಸಿಕ್ಕಿಸುತ್ತಿದ್ದರು. ನನ್ನನ್ನು ಕಂಡು, ಗೊನೆಯನ್ನು ಕೆಳಗಿಟ್ಟು, ಹೆಗಲ ಮೇಲಿನ ವಸ್ತ್ರದಿಂದ ಕುರ್ಚಿಯನ್ನು ಒರೆಸಿದರು.

“ಕೂತ್ಕೊಳ್ಳಿ ಮಾಸ್ಟ್ರೇ.”

ನೀವು ಕುಳಿತುಕೊಳ್ಳಿ ಎಂದೆ.

“ಮಾಸ್ಟ್ರು ನಿಂತಿರುವಾಗ ನಾನು ಕೂತ್ಕೊಳ್ಳುವುದಾ? ಆಗ್ಲಿಕ್ಕಿಲ್ಲ.”

ಅಂಗಡಿಯಲ್ಲಿದ್ದದ್ದು ಒಂದೇ ಕುರ್ಚಿ. ನಾನು ಜೋಡಿಸಿಕೊಂಡಿದ್ದ ವಾಕ್ಯಗಳಲ್ಲಿ ಒಂದೂ ಬರಲಿಲ್ಲ. “ಬಾವಾ ಅವರೇ, ಅಂದು ಬರೆದದ್ದು ನೀವಲ್ಲ. ನಿಮ್ಮ ಕೈ ಹಿಡಿದು ನಾನು ಬರೆದದ್ದು” ಎಂದಷ್ಟೇ ಹೇಳಿದೆ.

ಅವರು ಗೊನೆಯನ್ನು ಎತ್ತಿ ಕೊಕ್ಕೆಗೆ ಸಿಕ್ಕಿಸಿದರು. “ಕೈ ಯಾರದ್ದಾದ್ರೂ ಆಗಲಿ ಮಾಸ್ಟ್ರೇ. ಮಗು ಒಳಗೆ ಕೂತದ್ದು ಹೌದಲ್ಲ” ಎಂದರು. ಸಿಟ್ಟಿನಿಂದಲ್ಲ. ನಡೆದದ್ದನ್ನು ನಡೆದಂತೆ ಹೇಳಿದರು.

ಆಮೇಲೆ ಒಬ್ಬರು ಸೋಡಾ ಕೇಳಿ ಬಂದರು. ಬಾವಾ ಅವರು ತೆಗೆದುಕೊಟ್ಟರು. ಮರಳುವ ಬಸ್ಸಿಗೆ ನಲವತ್ತು ನಿಮಿಷವಿತ್ತು. “ಹೊತ್ತುಂಟು, ಕೂತ್ಕೊಳ್ಳಿ” ಎಂದು ಇನ್ನೊಮ್ಮೆ ಹೇಳಿದರು. ನಾನು ಕುಳಿತುಕೊಳ್ಳಲಿಲ್ಲ. ಅವರೂ ಕುಳಿತುಕೊಳ್ಳಲಿಲ್ಲ. ಕುರ್ಚಿ ನಮ್ಮಿಬ್ಬರ ನಡುವೆ ಖಾಲಿಯಾಗಿಯೇ ಇತ್ತು. ಎಪ್ಪತ್ತೊಂದರ ಮನುಷ್ಯನನ್ನು ನಾನು ಅಷ್ಟು ಹೊತ್ತು ನಿಲ್ಲಿಸಿದೆನೆಂಬುದು ನನಗೆ ಬಸ್ಸು ಹತ್ತುವಾಗ ತಿಳಿಯಿತು. ತಿರುಗಿ ನೋಡಿದೆ. ಬಸ್ಸು ತಿರುವು ದಾಟುವವರೆಗೂ ಅವರು ನಿಂತೇ ಇದ್ದರು.

ಕೆ. ಗುರುವಪ್ಪ
೨೫ ಆಗಸ್ಟ್ ೨೦೨೪, ಭಾನುವಾರ, ಸಂಜೆ ೫ ಗಂಟೆ ೫೦ ನಿಮಿಷ